ಬಸಿದ ಕಟ್ಟು

ಮಾಧವರಂ ಡೈರಿಯ ಹಿಂದಿನ ಕಾಲೊನಿಯಲ್ಲಿ ಕನ್ನಡದವರ ಮನೆಗಳು ಐದಿದ್ದವು. ಯಾರ ಮನೆಗೆ ಊರಿನಿಂದ ನೆಂಟರು ಬಂದರೂ ಒಂದು ಹೊತ್ತಿನ ಊಟ ಸುಗುಣಾಳ ಮನೆಯಲ್ಲಿ ಆಗುತ್ತಿತ್ತು. ಅವಳು ಮದ್ದೂರಿನ ಕಡೆಯವಳು. ಭಾನುವಾರದ ಮಟನ್ ಸಾರಿಗೂ ವಾರದ ನಡುವಿನ ಸೊಪ್ಪಿನ ಬಸ್ಸಾರಿಗೂ ಅವಳ ಕೈಯನ್ನು ಮೀರಿಸುವವರು ಇಡೀ ಮದರಾಸಿನಲ್ಲಿ ಇಲ್ಲ ಎಂದು ಅವಳ ಗಂಡನ ಸ್ನೇಹಿತರೆಲ್ಲ ಹೇಳುತ್ತಿದ್ದರು. ಗಂಡ ನಂಜುಂಡ ಮೌಂಟ್ ರೋಡಿನ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಮಾತು ಕಡಿಮೆ. ಆದರೆ ಊಟ ಮುಗಿಸಿ ಕೈ ತೊಳೆಯಲು ಏಳುವಾಗ ದಿನವೂ ತಪ್ಪದೆ ಒಂದು ಮಾತು ಹೇಳುತ್ತಿದ್ದ: "ಚೆನ್ನಾಗಿತ್ತು ಕಣೆ." ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಸುಗುಣಾ ಅವನಿಂದ ಸೀರೆ ಕೇಳಿದವಳಲ್ಲ, ಸಿನಿಮಾ ಕೇಳಿದವಳಲ್ಲ. ಆ ಒಂದು ಮಾತು ಅವಳಿಗೆ ಸಾಕಾಗಿತ್ತು.

1979ರ ಬೇಸಿಗೆಯಲ್ಲಿ ನಂಜುಂಡನ ಕಾಲು ಊದತೊಡಗಿತು. ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಚೀಲ ಕಟ್ಟಿದಂತಿರುತ್ತಿತ್ತು. ಸೆಕೆಗೆ ಹೀಗಾಗಿದೆ ಎಂದುಕೊಂಡು ಎರಡು ತಿಂಗಳು ತಳ್ಳಿದರು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿದಾಗ ಡಾಕ್ಟರ ಬಳಿಗೆ ಹೋದರು. ರಕ್ತ, ಮೂತ್ರ ಎಲ್ಲ ಪರೀಕ್ಷೆಯಾಯಿತು. ಎರಡೂ ಕಿಡ್ನಿಗಳು ಕಾಲು ಭಾಗವಷ್ಟೇ ಕೆಲಸ ಮಾಡುತ್ತಿವೆ ಎಂದರು ಡಾಕ್ಟರು. ಹೋದದ್ದನ್ನು ವಾಪಸು ತರುವ ಮಾತ್ರೆ ಇಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅದೂ ಮುಖ್ಯವಾಗಿ ಊಟದಿಂದ.

ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಸುಗುಣಾಳನ್ನೇ ಎದುರಿಗೆ ಕೂರಿಸಿಕೊಂಡು ತಮಿಳಿನಲ್ಲಿ ವಿವರಿಸಿದರು. ಮಾಂಸ, ಮೀನು, ಮೊಟ್ಟೆ ಪೂರ್ತಿ ಬಿಡಬೇಕು. ಬೇಳೆ ಕಾಳು ಇಷ್ಟೇ ಇಷ್ಟು, ಮೊಸರು ಸಣ್ಣ ಬಟ್ಟಲು. ಇನ್ನು ಅನ್ನ ಮತ್ತು ತರಕಾರಿಯ ಮೇಲೆ ಬದುಕಬೇಕು. ಉಪ್ಪು ಕಾಣಿಸಿಯೂ ಕಾಣಿಸದಷ್ಟು. ತರಕಾರಿಯನ್ನು ಕೂಡ ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಆಮೇಲೆ ಅಡುಗೆ.

"ಬಸಿದ ನೀರು ಚೆಲ್ಲೋದಾ ಡಾಕ್ಟರ್?" ಸುಗುಣಾ ಕೇಳಿದಳು.

ಚೆಲ್ಲಲೇಬೇಕು ಎಂದರು ಅವರು. ತರಕಾರಿಯೊಳಗಿನ ಪೊಟ್ಯಾಸಿಯಂ ಎಂಬ ಉಪ್ಪು ಆ ನೀರಿಗೆ ಇಳಿದಿರುತ್ತದೆ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಇವರದು ಹಾಕುವುದಿಲ್ಲ. ಅದು ರಕ್ತದಲ್ಲಿ ಹೆಚ್ಚಿದರೆ ಹೃದಯವೇ ನಿಲ್ಲಬಹುದು.

ಸುಗುಣಾಳಿಗೆ ಅರ್ಥವಾಯಿತು, ಆದರೆ ಮನಸ್ಸು ಒಪ್ಪಲಿಲ್ಲ. ಅವಳ ತವರಿನಲ್ಲಿ ಸೊಪ್ಪು ಕಾಳು ಬೇಯಿಸಿ ಬಸಿದ ಆ ನೀರಿಗೆ ಕಟ್ಟು ಎನ್ನುತ್ತಾರೆ. ರುಚಿಯೆಲ್ಲ ಅದರಲ್ಲೇ. ಅದಕ್ಕೆ ಖಾರ ಅರೆದು ಹಾಕಿ ಕುದಿಸಿದರೆ ಬಸ್ಸಾರು. ನೀರಿಗಾಗಿ ಕೈಪಂಪಿನ ಮುಂದೆ ಬೆಳಗಿನಿಂದ ಬಿಂದಿಗೆ ಹಿಡಿದು ಸಾಲು ನಿಲ್ಲುವ ಊರಿನಲ್ಲಿ, ದಿನಕ್ಕೆರಡು ಪಾತ್ರೆ ಕಟ್ಟನ್ನು ಬಚ್ಚಲಿಗೆ ಸುರಿಯುವುದು ಅವಳಿಗೆ ಪಾಪವೆನ್ನಿಸುತ್ತಿತ್ತು.

ಅಷ್ಟು ಮಾಡಿಯೂ ಊಟ ರುಚಿಸುತ್ತಿರಲಿಲ್ಲ. ನಂಜುಂಡ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. "ನೆಂದ ಕಾಗದ ಅಗಿದ ಹಾಗಿದೆ ಕಣೆ, ಏನೂ ಅನ್ಕೋಬೇಡ," ಎನ್ನುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಮಾರನೆಯ ದಿನ ಅದನ್ನೇ ಮತ್ತೆ ಬೇಯಿಸುತ್ತಿದ್ದಳು. ಉಪ್ಪು, ಬೇಳೆ, ಮಾಂಸ ಇಲ್ಲದೆ ಅಡುಗೆ ಮಾಡುವುದು ಹೇಗೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ತೆಳ್ಳಗಾಗುತ್ತ ಹೋದ.

ಎರಡು ತಿಂಗಳ ಮೇಲೆ ಅವನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಕಾಲಿನ ಊತ ಇಳಿಯಿತು. ಡಾಕ್ಟರು ಹೊಸ ರಿಪೋರ್ಟ್ ನೋಡಿ, "ಹೀಗೇ ಮುಂದುವರಿಸಿ," ಎಂದರು. ಸುಗುಣಾಳಿಗೆ ತನ್ನ ಕಷ್ಟ ಸಾರ್ಥಕವಾಯಿತು ಎನ್ನಿಸಿತು. ಒಂದು ಭಾನುವಾರ ಗಂಡನ ಆಫೀಸಿನ ತಿರುಮಲೇಶ ಮನೆಗೆ ಬಂದವನು, ಕಾಫಿ ಕುಡಿಯುತ್ತ ಸಹಜವಾಗಿ ಹೇಳಿದ.

"ಅತ್ತಿಗೆ, ಈಗ ನಿಮ್ಮ ಯಜಮಾನರು ಸರಿಹೋದ್ರು ಬಿಡಿ. ನಾನು ಊಟಕ್ಕೆ ಹೋಗ್ತೀನಲ್ಲ, ತ್ರಿಪ್ಲಿಕೇನ್‌ನಲ್ಲಿ ಕಲ್ಯಾಣಮ್ಮನೋರ ಮೆಸ್ಸು, ಅಲ್ಲಿಗೆ ನಾನೇ ಕರ್ಕೊಂಡು ಹೋದೆ. ಆಯಮ್ಮ ಇವರಿಗೇ ಅಂತ ಬೇರೆ ಅಡುಗೆ ಮಾಡ್ತಾರೆ. ಎರಡೆರಡು ಸಲ ಅನ್ನ ಹಾಕಿಸ್ಕೋತಾರೆ ಇವರು."

ಸುಗುಣಾ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಒಂದು ತಿಂಗಳಿನಿಂದ ಟಿಫನ್ ಕ್ಯಾರಿಯರ್ ಖಾಲಿಯಾಗಿ ಬರುತ್ತಿತ್ತು. ಅವನು ತಿನ್ನುತ್ತಿದ್ದಾನೆ ಎಂದು ಅವಳು ಸಂತೋಷಪಟ್ಟಿದ್ದಳು.

ತಿರುಮಲೇಶ ಹೋದ ಮೇಲೆ ಕೇಳಿದಳು. "ನಾನು ಕಟ್ಟಿಕೊಟ್ಟಿದ್ದು ಏನ್ಮಾಡ್ತಿದ್ರಿ?"

ನಂಜುಂಡ ತಲೆ ತಗ್ಗಿಸಿದ. "ಪ್ಯೂನ್‌ಗೆ ಕೊಡ್ತಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಅವಳ ಅಡುಗೆ ಅಷ್ಟು ಚೆನ್ನಾಗಿದೆಯಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಚೆನ್ನಾಗಿದೆ ಕಣೆ," ಎಂದ.

ಆ ಮಾತು ಅವಳ ಎದೆಯಲ್ಲಿ ಕುಳಿತುಬಿಟ್ಟಿತು. ಅಂದಿನಿಂದ ಅವಳು ಕ್ಯಾರಿಯರ್ ಕಟ್ಟುವುದನ್ನು ನಿಲ್ಲಿಸಿದಳು. ಸಂಜೆ ಅವನು ಬಿಚ್ಚಿಟ್ಟ ಅಂಗಿಯನ್ನು ಮೂಸಿ ನೋಡುತ್ತಿದ್ದಳು. ಒಗ್ಗರಣೆಯ ವಾಸನೆ, ಬೆಳ್ಳುಳ್ಳಿ, ಸುಟ್ಟ ಜೋಳದ ಹಿಟ್ಟಿನ ವಾಸನೆ. ಆ ಹೆಂಗಸು ಎಷ್ಟು ವಯಸ್ಸಿನವಳು, ಹೇಗಿದ್ದಾಳೆ, ಬಡಿಸುವಾಗ ಎಷ್ಟು ಹತ್ತಿರ ಬಾಗುತ್ತಾಳೆ ಎಂದೆಲ್ಲ ಒಲೆಯ ಮುಂದೆ ಕುಳಿತು ಯೋಚಿಸುತ್ತಿದ್ದಳು. ಒಂದು ದಿನ ಮಾರ್ಕೆಟ್ಟಿನಿಂದ ವಂಜರಂ ಮೀನು ತಂದು, ಅವನು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಹುರಿದಳು. ಮನೆಯ ತುಂಬ ಘಮಘಮ. ಮಗಳು ಸುಮತಿಗೆ ಬಡಿಸುತ್ತ, "ಇನ್ನೊಂದು ತುಂಡು ಹಾಕ್ಕೋ," ಎಂದು ಗಟ್ಟಿಯಾಗಿ ಹೇಳಿದಳು. ನಂಜುಂಡ ಹೊರಗೆ ಜಗಲಿಯ ಮೇಲೆ ಹೋಗಿ ಕುಳಿತ.

ಸುಮತಿ ಕ್ವೀನ್ ಮೇರಿಸ್‌ನಲ್ಲಿ ಬಿ.ಎ. ಓದುತ್ತಿದ್ದಳು. ಕನ್ನಡ ಅರ್ಥವಾದರೂ ಉತ್ತರ ತಮಿಳಿನಲ್ಲೇ. ತಟ್ಟೆ ಸರಿಸಿ ಎದ್ದಳು. "ಅಪ್ಪಾ ಪಾವಂಮ್ಮಾ. ಎನಕ್ಕು ವೇಂಡಾಂ," ಎಂದಳು. ಅಪ್ಪ ಪಾಪ, ನನಗೆ ಬೇಡ. ಉಳಿದ ಮೀನನ್ನು ಸುಗುಣಾ ಒಬ್ಬಳೇ ಕುಳಿತು ತಿಂದಳು.

ಕೊನೆಗೆ ಒಂದು ಬುಧವಾರ ಬಸ್ಸು ಹತ್ತಿ ತ್ರಿಪ್ಲಿಕೇನ್‌ಗೆ ಹೋದಳು. ನಂಜುಂಡ ಅಂದು ಡಾಕ್ಟರ ಬಳಿ ಹೋಗುವವನಿದ್ದ, ಮೆಸ್ಸಿಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಲಾಡ್ಜುಗಳ ಸಾಲಿನ ಹಿಂದೆ ಒಂದು ಇಕ್ಕಟ್ಟಿನ ಬೀದಿ. ಮೆಸ್ಸು ಎಂದರೆ ಮನೆಯ ನಡುಮನೆ, ಅಷ್ಟೆ. ನೆಲದ ಮೇಲೆ ಆರು ಜನ ಕೂರುವಷ್ಟು ಚಾಪೆ. ಬಾಗಿಲಿಗೆ ಬಂದ ಹೆಂಗಸಿಗೆ ಐವತ್ತೈದು ದಾಟಿತ್ತು. ಬೋಳು ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ನರೆತ ಕೂದಲು, ಒಣಗಿದ ಕೈಗಳು.

ಸುಗುಣಾ ತರುಣಿಯೊಬ್ಬಳನ್ನು ಎದುರಿಸಲು ಸಿದ್ಧಳಾಗಿ ಬಂದಿದ್ದಳು. ಈ ಮುದುಕಿಯನ್ನು ಕಂಡು ಹೊಟ್ಟೆಯ ಉರಿ ಇಳಿಯಬೇಕಿತ್ತು. ಇಳಿಯಲಿಲ್ಲ. ರೂಪಕ್ಕೆ ಸೋತಿದ್ದರೆ ಗಂಡಸರ ಬುದ್ಧಿ ಎಂದು ಬೈದು ಸುಮ್ಮನಾಗಬಹುದಿತ್ತು. ಅವನು ಇಲ್ಲಿಗೆ ಊಟಕ್ಕೇ ಬರುತ್ತಿದ್ದ. ಊಟವೊಂದೇ ತನ್ನದಾಗಿತ್ತು, ಅದೂ ಈಗ ಇವಳ ಪಾಲಾಗಿತ್ತು.

"ಬರ್ರಿ, ಒಳಗ ಬರ್ರಿ. ಯಾರು ಬೇಕಾಗಿತ್ರಿ?" ಎಂದಳು ಕಲ್ಯಾಣಮ್ಮ. ಧಾರವಾಡದ ಕಡೆಯ ಮಾತು.

ತನ್ನ ತಮ್ಮ ಊರಿನಿಂದ ಬರುತ್ತಾನೆ, ಅವನಿಗೆ ಊಟದ ವ್ಯವಸ್ಥೆ ಬೇಕು ಎಂದು ಸುಗುಣಾ ಸುಳ್ಳು ಹೇಳಿದಳು. "ಅವನಿಗೆ ಮೈ ಸರಿಯಿಲ್ಲ, ಪಥ್ಯ. ಇಲ್ಲಿ ಯಾರಿಗೋ ಮಾಡಿ ಹಾಕ್ತೀರಂತೆ."

ಕಲ್ಯಾಣಮ್ಮನ ಮುಖ ಅರಳಿತು. "ಹೌದ್ರಿ. ನಂಜುಂಡಪ್ಪ ಅಂತ ಒಬ್ಬರು ಬರ್ತಾರ. ನಮ್ಮನಿಯವರಿಗೂ ಅದ ಬ್ಯಾನಿ ಇತ್ರಿ, ಕಿಡ್ನಿದು. ಮೂರು ವರ್ಷ ಹಿಂಗ ಮಾಡಿ ಹಾಕಿದೆ. ಅವರು ಹೋಗಿ ಎರಡು ವರ್ಷಾತು. ಈ ಅಡಿಗಿ ಮತ್ತ ಮಾಡ್ತೀನಿ ಅಂತ ತಿಳಿದಿದ್ದಿಲ್ಲ." ಆಕೆ ಒಲೆಯ ಮೇಲಿನ ಹೀರೆಕಾಯಿ ಪಲ್ಯ ತೋರಿಸಿದಳು. "ನಂಜುಂಡಪ್ಪ ಉಪ್ಪಿಲ್ಲದ್ದನ್ನ ಹಬ್ಬದ ಊಟ ಉಂಡಂಗ ಉಣ್ತಾರ. ಪಾಪ, ಅವರ ಮನ್ಯಾಗ ಈ ಅಡಿಗಿ ಒಗ್ಗೂದಿಲ್ಲಂತ. ಹೆಂಡತಿ ಭಾಳ ಛಲೋ ಅಡಿಗಿ ಮಾಡ್ತಾಳಂತ, ಆದ್ರ ಮಾಂಸದ್ದು. ಆಕೀಗೆ ಇದು ತಿಳಿಯೂದಿಲ್ಲ ಅಂದ್ರು."

ಆಕೀಗೆ ಇದು ತಿಳಿಯೂದಿಲ್ಲ. ಸುಗುಣಾ ಬಸ್ಸಿನಲ್ಲಿ ಮಾಧವರಂವರೆಗೂ ಆ ಮಾತನ್ನೇ ನಂಜಿಕೊಂಡು ಬಂದಳು. ತನ್ನ ಬಗ್ಗೆ ಅವನು ಆ ಮನೆಯಲ್ಲಿ ಕುಳಿತು ಮಾತಾಡಿದ್ದಾನೆ. ಅಲ್ಲಿ ತಿನ್ನುತ್ತ, ಇಲ್ಲಿಯದನ್ನು ದೂರಿದ್ದಾನೆ.

ಭಾನುವಾರ ಅವಳು ಎರಡು ದೊಡ್ಡ ಕಂತೆ ಅರೆಕೀರೆ ಸೊಪ್ಪು ತಂದಳು. ಹೆಸರುಕಾಳು ಹಾಕಿ ಬೇಯಿಸಿದಳು. ಬಸಿದಳು. ಬಚ್ಚಲಿನ ಕಡೆಗೆ ಪಾತ್ರೆ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ತಿರುಗಿ ಬಂದು, ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಧನಿಯ ಅರೆದು, ಹುಣಸೆ ಹಿಂಡಿ, ಆ ಕಟ್ಟಿಗೇ ಹಾಕಿ ಕುದಿಸಿದಳು. ಉಪ್ಪನ್ನು ಮೊದಲಿನ ಅಳತೆಗೇ ಹಾಕಿದಳು.

ವಾಸನೆಗೆ ನಂಜುಂಡ ಅಡುಗೆಮನೆಗೇ ಬಂದ. "ಏನೇ ಇದು, ಬಸ್ಸಾರಾ? ನಂಗೆ ಆಗುತ್ತಾ?"

"ಕಟ್ಟೆಲ್ಲ ಚೆಲ್ಲಿ ಬೇರೆ ನೀರಲ್ಲಿ ಮಾಡಿದೀನಿ. ಉಪ್ಪು ಇಲ್ಲವೇ ಇಲ್ಲ, ಇದೆ ಅನ್ನಿಸಿದ್ರೆ ಅದು ಹುಣಸೆದು ಅಷ್ಟೆ. ನಂಗೂ ತಿಳಿಯುತ್ತೆ ರೀ, ಪಥ್ಯ ಮಾಡೋದು."

ಅವನು ಅವಳನ್ನು ನಂಬಿದ. ಅನ್ನಕ್ಕೆ ಮೂರು ಸೌಟು ಹಾಕಿಸಿಕೊಂಡು ಉಂಡ. ಕೈ ತೊಳೆಯಲು ಏಳುವಾಗ, "ಚೆನ್ನಾಗಿತ್ತು ಕಣೆ," ಎಂದ. ಎಷ್ಟು ತಿಂಗಳಾಗಿತ್ತೋ ಆ ಮಾತು ಕೇಳಿ. ಸುಗುಣಾ ಗೋಡೆಗೆ ಮುಖ ಮಾಡಿ ನಿಂತು ನಕ್ಕಳು. ಬಸ್ಸಾರು ಹಳೆಯದಾದಷ್ಟೂ ರುಚಿ. ಸೋಮವಾರ ಕ್ಯಾರಿಯರ್‌ನಲ್ಲಿ ಅದನ್ನೇ ಕಟ್ಟಿಕೊಟ್ಟಳು. ಮಂಗಳವಾರ ಮತ್ತೆ ಹೊಸದಾಗಿ ಮಾಡಿದಳು, ಬುಧವಾರಕ್ಕೂ ಆಯಿತು. ಮೂರು ದಿನ ಅವನು ತ್ರಿಪ್ಲಿಕೇನ್‌ಗೆ ಹೋಗಲಿಲ್ಲ. ಒಳಗೆ ಒಂದು ದನಿ ಸಾಕು ಎನ್ನುತ್ತಿತ್ತು. ಇನ್ನೊಂದು ದಿನ, ಇನ್ನೊಂದೇ ದಿನ ಎಂದು ಅವಳು ಅದನ್ನು ಸುಮ್ಮನಿರಿಸಿದಳು.

ಬುಧವಾರ ಸಂಜೆ ನಾಲ್ಕು ಗಂಟೆಗೆ ಆಫೀಸಿನ ಕುರ್ಚಿಯಿಂದ ಏಳಲು ಹೋದ ನಂಜುಂಡನಿಗೆ ಕಾಲು ಎತ್ತಲಾಗಲಿಲ್ಲ. ರಜೆ ಮುಗಿಸಿ ಆ ಮಧ್ಯಾಹ್ನವಷ್ಟೇ ಆಫೀಸಿಗೆ ಬಂದಿದ್ದ ತಿರುಮಲೇಶ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸೇರಿಸಿ, ಆಳು ಕಳಿಸಿ ಸುಗುಣಾಳನ್ನು ಕರೆಸಿದ. ಅವಳು ಸುಮತಿಯೊಡನೆ ಹೋಗಿ ನೋಡುವಾಗ ಅವನ ನಾಡಿ ನಿಮಿಷಕ್ಕೆ ನಲವತ್ತಕ್ಕೆ ಇಳಿದಿತ್ತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಿದ್ದರು. ವಾರ್ಡಿನ ಡಾಕ್ಟರು ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ, ಏನು ತಿಂದರು ಎಂದು ಕೇಳಿದರು.

ಪಕ್ಕದಲ್ಲಿದ್ದ ತಿರುಮಲೇಶನೇ ಹೇಳಿದ. "ಮೆಸ್ಸಲ್ಲಿ ಊಟ ಮಾಡ್ತಾರೆ ಸಾರ್. ಪಥ್ಯದ್ದೇ ಕೊಡ್ತಾರೆ ಅಂದ್ಕೊಂಡಿದ್ದೆ."

ಡಾಕ್ಟರು ಸಿಡುಕಿದರು. ಮೆಸ್ಸಿನವರಿಗೆ ಏನು ಗೊತ್ತಾಗುತ್ತದೆ? ಇನ್ನು ಮೇಲೆ ಮನೆಯ ಊಟ ಬಿಟ್ಟು ಬೇರೆ ಮುಟ್ಟಕೂಡದು ಎಂದರು.

ಅವಳು ಬಯಸಿದ್ದು ಅದೇ. ಬಾಯಿ ಬಿಡದೆ ಅದು ಸಿಕ್ಕಿತ್ತು. ತಿರುಮಲೇಶನ ಮಾತನ್ನು ಅವಳು ತಿದ್ದಲಿಲ್ಲ.

ಮಾರನೆಯ ದಿನ ನಂಜುಂಡನ ನಾಡಿ ಸರಿಯಾಯಿತು. ಮಧ್ಯಾಹ್ನ ಭೇಟಿಯ ಹೊತ್ತಿಗೆ ವರಾಂಡದಲ್ಲಿ ಕಲ್ಯಾಣಮ್ಮ ಬಂದು ನಿಂತಳು. ತಿರುಮಲೇಶ ಎಲ್ಲ ಹೇಳಿದ್ದ. ಬೆಂಚಿನ ಮೇಲೆ ಕುಳಿತಿದ್ದ ಸುಗುಣಾಳನ್ನು ಕಂಡು, "ನೀವು ಮೊನ್ನಿ ಬಂದವರಲ್ರಿ?" ಎಂದಳು. ಸುಮತಿಯನ್ನು ನೋಡಿದಳು, ಮತ್ತೆ ಇವಳನ್ನು ನೋಡಿದಳು. ತಿಳಿಯಿತು. ಆದರೆ ಅದನ್ನು ಕೆದಕುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕುಸಿದಳು.

"ನನ್ನ ಕೈಯಿಂದ ಏನು ತಪ್ಪಾತೋ ತಿಳಿವಲ್ದ್ರಿ. ಶನಿವಾರ ಪಡವಲಕಾಯಿ. ಎರಡು ಸಲ ನೀರು ಬಸಿದೀನಿ. ಶುಕ್ರವಾರ ಎಲಿಕೋಸು. ಅದಕೂ ಬಸಿದೀನಿ. ರಾತ್ರೆಲ್ಲಾ ಅದನ್ನ ಲೆಕ್ಕಾ ಹಾಕಿದೆ. ನಮ್ಮನಿಯವರನ್ನ ಉಳಿಸ್ಕೊಳ್ಳಾಕ ಆಗಲಿಲ್ಲ, ಇವರನ್ನೂ ನಾನ..." ಆಕೆ ತಟ್ಟನೆ ತಲೆ ಎತ್ತಿದಳು. "ಆದ್ರ ಸೋಮವಾರದಿಂದ ಅವರು ಬಂದ ಇಲ್ಲಲ್ರಿ."

ಸುಗುಣಾಳಿಗೆ ಆ ಒಣಗಿದ ಕೈಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದುದು ಕಾಣಿಸುತ್ತಿತ್ತು.

"ನಿಮ್ಮ ತಪ್ಪಲ್ಲ," ಎಂದಳು. "ನಾನು ಬಸ್ಸಾರು ಮಾಡಿ ಹಾಕಿದೆ. ನಾಲ್ಕು ದಿನ. ಗೊತ್ತಿದ್ದೇ ಮಾಡಿದೆ."

"ಯಾಕ್ರಿ?"

"ನಿಮ್ಮನೆ ಊಟ ಬಿಡಿಸೋಕೆ."

ಕಲ್ಯಾಣಮ್ಮ ಅವಳತ್ತ ತಿರುಗಿದಳು. "ನಿಮಗ ಉಣಿಸಾಕ ಮನಷ್ಯಾ ಅದಾನ," ಎಂದಳು. "ಅವನಿಗೆ ವಿಷಾ ಉಣಿಸಿದ್ರಿ." ಎದ್ದು, ಒಳಗೆ ನಂಜುಂಡನನ್ನೂ ನೋಡದೆ ಹೊರಟುಹೋದಳು.

ಸುಮತಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಮ್ಮನನ್ನು ಬೈಯಲಿಲ್ಲ. "ನೀನೇ ಅಪ್ಪಂಗೆ ಹೇಳು," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಸುಗುಣಾ ಅಂದೇ ಸಂಜೆ ಹೇಳಿದಳು. ನಂಜುಂಡ ಮುಖ ಆಚೆ ತಿರುಗಿಸಿ ಮಲಗಿದ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಅವಳು ಗಂಜಿಯ ಲೋಟ ಹಿಡಿದು ನಿಂತಾಗ, "ಆಯಮ್ಮನ ಮುಂದೆ ನಿನ್ನ ವಿಷಯ ಮಾತಾಡಿದ್ದು ನನ್ನ ತಪ್ಪು," ಎಂದ. ಆಮೇಲೆ ಅಂದ: "ಆದರೆ ನಂಗೆ ಈಗ ನಿನ್ನ ಕೈಲಿ ಏನು ತಿನ್ನೋಕೂ ಭಯ ಆಗುತ್ತೆ ಸುಗುಣ."

ಅದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಯಾರೂ ಕೊಡಬೇಕಾಗಿರಲಿಲ್ಲ.

ಅವನು ಮನೆಗೆ ಬಂದ ಮಾರನೆಯ ದಿನ ಅವಳು ಮತ್ತೆ ತ್ರಿಪ್ಲಿಕೇನ್‌ಗೆ ಹೋದಳು. ಕಲ್ಯಾಣಮ್ಮ ಬಾಗಿಲಿಗೆ ಅಡ್ಡ ನಿಂತಳು. "ಏನು ಬೇಕ್ರಿ?"

"ನಂಗೆ ಕಲಿಸಿಕೊಡಿ ಅಕ್ಕಾ."

ಕಲ್ಯಾಣಮ್ಮ ಒಳಗೆ ಹೋದಳು, ಬಾಗಿಲು ಮಾತ್ರ ಮುಚ್ಚಲಿಲ್ಲ. ಸುಗುಣಾ ಹಿಂದೆಯೇ ಹೋಗಿ ಒಲೆಯ ಪಕ್ಕ ಕುಳಿತಳು. ಅರ್ಧ ಗಂಟೆಯ ಮೇಲೆ ಕಲ್ಯಾಣಮ್ಮ ಅವಳ ಮುಂದೆ ಒಂದು ಸೋರೆಕಾಯಿ, ಈಳಿಗೆಮಣೆ ತಂದಿಟ್ಟಳು.

ಹದಿನೈದು ದಿನ ಸುಗುಣಾ ಹೋಗಿ ಬಂದಳು. ಉಪ್ಪಿಲ್ಲವೆಂದು ಅಳುವ ಬದಲು, ಹಿಂದಿನಿಂದಲೂ ಉಪ್ಪು ಬೇಡದ ಜೋಳದ ರೊಟ್ಟಿಯಿಂದ ಶುರುಮಾಡಬೇಕು. ಬಸಿದ ತರಕಾರಿಯನ್ನು ನೀರಾರುವಂತೆ ಬಟ್ಟೆಯ ಮೇಲೆ ಹರಡಬೇಕು, ಇಲ್ಲದಿದ್ದರೆ ನೆಂದ ಕಾಗದದ ಹಾಗೇ ಆಗುತ್ತದೆ. ಎಣ್ಣೆ ಕಾದು, ಸಾಸಿವೆ ಸಿಡಿದು, ಜಜ್ಜಿದ ಬೆಳ್ಳುಳ್ಳಿ ಕೆಂಪಗಾದ ಮೇಲೇ ತರಕಾರಿ ಬೀಳಬೇಕು. ಮೆಣಸು, ಜೀರಿಗೆ, ಧನಿಯವನ್ನು ಆಗಾಗಲೇ ಹುರಿದು ಕುಟ್ಟಬೇಕು, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ರುಚಿ ನಾಲಗೆಗಿಂತ ಮೊದಲು ಮೂಗಿಗೆ ಸಿಗಬೇಕು ಎನ್ನುತ್ತಿದ್ದಳು ಕಲ್ಯಾಣಮ್ಮ. ಸುಗುಣಾ ಒಳ್ಳೆಯ ಅಡುಗೆಯವಳು. ಒಮ್ಮೆ ತೋರಿಸಿದ್ದು ಕೈಗೆ ಹತ್ತುತ್ತಿತ್ತು. ಎರಡನೆಯ ವಾರ ಅವಳು ಮಾಡಿದ ಬದನೆಕಾಯಿ ಪಲ್ಯವನ್ನು ಬಾಯಿಗೆ ಹಾಕಿಕೊಂಡ ಕಲ್ಯಾಣಮ್ಮ ನಿಧಾನವಾಗಿ ಅಗಿದಳು.

"ಇನ್ನ ನೀವು ಬರೂದು ಬ್ಯಾಡ್ರಿ. ಎಲ್ಲಾ ಬಂತು ನಿಮಗ," ಎಂದಳು. ಪಾತ್ರೆ ಸರಿಸುತ್ತ, ಇವಳ ಕಡೆ ನೋಡದೆ ಕೇಳಿದಳು: "ಅವರೂ ಇನ್ನ ಬರೂದಿಲ್ಲೇನು ಹಂಗಾರ?"

ಆ ಮುಖವನ್ನು ಸುಗುಣಾ ಬಲ್ಲಳು. ಅಂಗಿ ಮೂಸಿ ನೋಡುವಾಗ ತನ್ನ ಮುಖವೂ ಹೀಗೇ ಇದ್ದಿರಬೇಕು. ಇಲ್ಲ, ಬರುವುದಿಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳುವ ಆಸೆ ಆಗಲೂ ಅವಳಿಗೆ ಇತ್ತು.

"ಗುರುವಾರ ಗುರುವಾರ ಬರ್ತಾರೆ," ಎಂದಳು.

ಮನೆಯಲ್ಲಿ ನಂಜುಂಡ ಮೊದಲ ಕೆಲವು ದಿನ ತುತ್ತು ಬಾಯಿಗಿಡುವ ಮುಂಚೆ ಅವಳ ಮುಖ ನೋಡುತ್ತಿದ್ದ. ಅವಳು ತರಕಾರಿ ಬಸಿದ ನೀರನ್ನು ಅವನ ಕಣ್ಣೆದುರೇ ಹೊತ್ತು ತಂದು ಅಂಗಳದ ಕನಕಾಂಬರದ ಗಿಡಗಳಿಗೆ ಸುರಿಯತೊಡಗಿದಳು. ತಿಂಗಳುಗಳಾದವು. ಒಂದು ದಿನ ಅವನು ನೋಡುವುದನ್ನು ಮರೆತು ಉಂಡ. ಅವಳು ಮನೆಗೆ ಮಾಂಸ, ಮೀನು ತರುವುದನ್ನೂ ಬಿಟ್ಟಳು. ಅದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ.

ಕಿಡ್ನಿ ಎರಡು ವರ್ಷ ನಡೆದರೆ ಹೆಚ್ಚು ಎಂದಿದ್ದರು ಡಾಕ್ಟರು. ನಂಜುಂಡ ಏಳು ವರ್ಷ ನಡೆಸಿದ. ಸುಮತಿಗೆ ಮದುವೆ ಮಾಡಿದ, ಮೊಮ್ಮಗನನ್ನು ಎತ್ತಿಕೊಂಡ. ಆ ಏಳು ವರ್ಷದ ಪ್ರತಿ ಗುರುವಾರವೂ ಮಧ್ಯಾಹ್ನ ಒಂದು ಗಂಟೆಯಾಗುವಾಗ ಸುಗುಣಾಳ ಕಣ್ಣು ಗಡಿಯಾರದ ಕಡೆಗೆ ಹೋಗುತ್ತಿತ್ತು. ಆ ಚಟ ಹೋಗಲೇ ಇಲ್ಲ. ಸಂಜೆ ಅವನು ಬಂದ ಕೂಡಲೇ, "ಏನು ಮಾಡಿದ್ರು ಇವತ್ತು?" ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಶುಕ್ರವಾರ ಅದೇ ಪಲ್ಯವನ್ನು ಅವಳು ಇನ್ನೂ ಚೆನ್ನಾಗಿ ಮಾಡಲು ಹೊರಡುತ್ತಿದ್ದಳು. ನಂಜುಂಡನಿಗೆ ಇದೆಲ್ಲ ತಿಳಿದಿತ್ತು ಎಂದು ಕಾಣುತ್ತದೆ, ಯಾವತ್ತೂ ಎರಡನ್ನೂ ಹೋಲಿಸಿ ಮಾತಾಡಲಿಲ್ಲ.

1986ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಸುದ್ದಿ ಕೇಳಿ ಕಲ್ಯಾಣಮ್ಮ ಮಾಧವರಂಗೆ ಬಂದಳು. ಊರಿನಿಂದ ಬಂದ ನೆಂಟರೆಲ್ಲ ಒಳಗೆ ತುಂಬಿದ್ದರಿಂದ ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲೇ ಕುಳಿತು ಅಳತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ಆ ಅಳು ನಿಲ್ಲಲಿಲ್ಲ. ಸುಗುಣಾಳ ಕಣ್ಣಲ್ಲಿ ಅಷ್ಟು ಹೊತ್ತಿಗೆ ನೀರು ಬತ್ತಿತ್ತು. ಇಷ್ಟು ಅಳಲು ಇವಳು ಯಾರು ಎಂಬ ಸಿಟ್ಟು ಆ ಗಳಿಗೆಯಲ್ಲೂ ಒಮ್ಮೆ ಅವಳೊಳಗೆ ಎದ್ದಿತು.

ನಾದಿನಿ ಕಿವಿಯ ಬಳಿ ಬಾಗಿ, "ಯಾರತ್ತಿಗೆ ಅದು? ನಮ್ಮ ಕಡೆಯೋರ ಹಾಗಿಲ್ಲ," ಎಂದಳು.

ಸುಗುಣಾ, "ಈ ಕಡೆ ಬರೋಕೆ ಜಾಗ ಬಿಡು," ಎಂದು ಪಕ್ಕದಲ್ಲಿದ್ದವರನ್ನು ಸರಿಸಿದಳು. "ಅಕ್ಕಾ, ಅಲ್ಲಿ ಯಾಕೆ ಕೂತ್ರಿ? ಇಲ್ಲಿ ಬನ್ನಿ."